ಸಮುದ್ರ ವಿಜ್ಞಾನ ಪದವಿಯ ರೂಲ್ ಬುಕ್: ದುಡ್ಡು ಕಟ್ಟುವ ಮೊದಲು ಓದಿ (5ಕ್ಕೆ 4 ಸ್ಟಾರ್)

ಕಾಲೇಜಿನ ಕ್ಯಾಂಪಸ್, ಹಾಸ್ಟೆಲ್, ಮೆಸ್ಸಿನ ಊಟ ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ಅಕಾಡೆಮಿಕ್ ರೆಗ್ಯುಲೇಷನ್ಸ್‌ಗೆ, ಅಂದರೆ ಓದು ಪರೀಕ್ಷೆಯ ನಿಯಮಗಳ ಪುಸ್ತಕಕ್ಕೆ ಮಾತ್ರ ಯಾರೂ ಬರೆಯಲ್ಲ. ಮಗು ಪಾಸಾ ಫೇಲಾ, ಮುಂದಿನ ವರ್ಷಕ್ಕೆ ಹೋಗುತ್ತಾಳಾ ಇಲ್ವಾ ಅನ್ನೋದನ್ನೆಲ್ಲ ತೀರ್ಮಾನ ಮಾಡೋದು ಅದೇ. ಇಂಗ್ಲೆಂಡಿನ ಓಷನ್ ಅಂಡ್ ಅರ್ತ್ ಸೈನ್ಸ್ ಪದವಿಗಳ ನಿಯಮಗಳನ್ನು ನಾವು ಮನೆಯವರೆಲ್ಲ ಕೂತು ಓದಿದೆವು. ಒಂದಕ್ಕಿಂತ ಹೆಚ್ಚು ವಿಶ್ವವಿದ್ಯಾಲಯಗಳದ್ದು. ಹೆಸರು ಬೇಡ, ಚೌಕಟ್ಟು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

ಓದಬೇಕಾಗಿ ಬಂದಿದ್ದು ನನ್ನ ಅಣ್ಣನ ಮಗಳಿಗೋಸ್ಕರ. ಆಲ್ದೂರಿನವಳು, ಪಿಯುನಲ್ಲಿ ಪಿಸಿಎಂಬಿ. ನೀಟ್ ಬೇಡ, ಸಮುದ್ರ ಓದಬೇಕು ಅಂತ ಹಟ ಹಿಡಿದಳು. ಚಿಕ್ಕಮಗಳೂರಲ್ಲಿ ಯಾರಿಗೆ ಹೇಳಿದರೂ ಕಾಫಿ ತೋಟದ ಹುಡುಗಿಗೆ ಸಮುದ್ರ ಯಾಕೆ ಅಂತ ಕೇಳುತ್ತಾರೆ. ಅವರಿಗೆ ಬಾಬಾಬುಡನ್‌ಗಿರಿ ತೋರಿಸಬೇಕು. ಅಲ್ಲಿನ ಕಬ್ಬಿಣದ ಪಟ್ಟೆ ಪಟ್ಟೆ ಕಲ್ಲು ಇದೆಯಲ್ಲ, ಒಂದು ಗೆರೆ ಕಪ್ಪು, ಒಂದು ಗೆರೆ ಕೆಂಪು, ಅದು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಮಡ್ಡಿ. ಆಗ ನೀರಲ್ಲಿ ಆಮ್ಲಜನಕ ತೀರಾ ಕಡಿಮೆ ಇತ್ತು, ಕಬ್ಬಿಣ ಕರಗಿಕೊಂಡೇ ಇರುತ್ತಿತ್ತು, ಆಮೇಲೆ ಪದರ ಪದರವಾಗಿ ತಳಕ್ಕೆ ಇಳಿಯಿತು. ಇನ್ನು ಗಂಗಾಮೂಲ. ಅಲ್ಲೇ ಹುಟ್ಟುವ ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ, ತುಂಗೆ ಭದ್ರೆ ಪೂರ್ವಕ್ಕೆ ಹರಿದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದಾಗ ಭದ್ರೆಗೆ ಎಷ್ಟು ಹೂಳು ಬಂತು ಅಂತ ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತು, 2005ರ ಕೊನೆಗೆ ಗಣಿ ನಿಂತಿತು. ಆ ಹೂಳು ಎಲ್ಲಿಗೆ ಹೋಗುತ್ತದೆ ಅನ್ನೋದೇ ಅವಳು ಓದಬೇಕು ಅಂತಿರುವ ವಿಷಯ. ಹಾಗಾಗಿ ಹುಡುಗಿಯ ಆಸೆ ಬಗ್ಗೆ ನನಗೆ ಒಂಚೂರೂ ಅನುಮಾನ ಇಲ್ಲ.

ಅನುಮಾನ ಬಂದಿದ್ದು ನಮ್ಮೂರಿನ ಒಂದು ಕನ್ಸಲ್ಟೆನ್ಸಿ ಮೇಲೆ. ಹೊರದೇಶಕ್ಕೆ ಕಳಿಸುವವರು. ಎಸಿ ರೂಮು, ಚೆನ್ನಾಗಿ ಮಾತಾಡುತ್ತಾರೆ, ಕಾಫಿ ಕೊಟ್ಟರು. ಇಲ್ಲಿ ಡಿಗ್ರಿಗೆ 120 ಕ್ರೆಡಿಟ್, ಅಲ್ಲೂ 120 ಕ್ರೆಡಿಟ್, ಇಲ್ಲೇ ಒಂದು ವರ್ಷ ಓದಿ 40 ಮಾಡಿಕೊಂಡು ಹೋದರೆ ಅಲ್ಲಿ 80 ಮಾತ್ರ ಉಳಿಯುತ್ತೆ ಅಂದರು. ಅಣ್ಣ ಖುಷಿಯಾಗಿ ಅಡ್ವಾನ್ಸ್ ಕೊಡೋಕೆ ಹೊರಟಿದ್ದ. ರೂಲ್ ಬುಕ್ ತೆಗೆದರೆ ಮೊದಲ ಅಧ್ಯಾಯದಲ್ಲೇ ಉತ್ತರ ಇದೆ. ಅಲ್ಲಿ 120 ಅನ್ನೋದು ಬರೀ ಒಂದು ವರ್ಷದ ಲೆಕ್ಕ. ಮೂರು ವರ್ಷದ ಬಿಎಸ್ಸಿ ಆನರ್ಸ್‌ಗೆ 360, ಬಿಎಸ್ಸಿ ಮಾಸ್ಟರ್ಸ್ ಎರಡೂ ಸೇರಿದ ನಾಲ್ಕು ವರ್ಷದ ಎಂಎಸ್‌ಸಿಐಗೆ 480. ಅಲ್ಲಿ ಒಂದು ಕ್ರೆಡಿಟ್ ಅಂದರೆ 10 ಗಂಟೆ ಓದು, ಕ್ಲಾಸು, ಲ್ಯಾಬು, ಮನೆಯಲ್ಲಿ ಓದೋದು ಎಲ್ಲ ಸೇರಿ. ನಮ್ಮ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್‌ನಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ, ವರ್ಷಕ್ಕೆ 40 ಕ್ರೆಡಿಟ್. ಗುಣಿಸಿ ನೋಡಿ, ಎರಡೂ ಕಡೆ ವರ್ಷಕ್ಕೆ 1200 ಗಂಟೆಯೇ. ಅಂದರೆ ಶ್ರಮ ಒಂದೇ, ಅಳತೆ ಬೇರೆ. ಇಲ್ಲಿನ 40ನ್ನು ಅಲ್ಲಿನ 120ರಲ್ಲಿ ಕಳೆಯೋಕೆ ಆಗಲ್ಲ. ಇಲ್ಲಿ ಓದಿದ ವರ್ಷವನ್ನು ಅವರು ಒಪ್ಪಬೇಕಾ ಬೇಡವಾ ಅನ್ನೋದು ಪೂರ್ತಿ ಆ ವಿಶ್ವವಿದ್ಯಾಲಯದ ಕೈಲಿದೆ, ಪೇಪರ್ ಪೇಪರ್ ಹೋಲಿಸಿ ನೋಡುತ್ತಾರೆ, ತಾನಾಗೇ ಸಿಗುವ ಹಕ್ಕಲ್ಲ. ಫೀಸು ತಗೊಂಡು ಸಲಹೆ ಕೊಡುವವರು ಇಷ್ಟಾದರೂ ಓದಿರಬೇಕಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು, ಎಷ್ಟು ಮನೆಗಳವರು ಇದನ್ನು ನಂಬಿ ತೋಟದ ಮೇಲೆ ಸಾಲ ಮಾಡಿರಬಹುದು ಹೇಳಿ.

ಈಗ ಪುಸ್ತಕಕ್ಕೆ ಬರೋಣ. ನನಗೆ ಬಹಳ ಇಷ್ಟವಾಗಿದ್ದು, ಏನೇ ಆದರೂ ಮುಂಚೆಯೇ ಬರೆದಿಟ್ಟಿರುತ್ತಾರೆ. ಜ್ವರ ಬಂದು ಪರೀಕ್ಷೆ ತಪ್ಪಿದರೆ ಏನು, ಅಸೈನ್‌ಮೆಂಟ್ ತಡವಾದರೆ ದಿನಕ್ಕೆ ಎಷ್ಟು ಅಂಕ ಕಟ್, ರೀಎಕ್ಸಾಮ್ ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ ಸಾಮಾನ್ಯವಾಗಿ 40ಕ್ಕಿಂತ ಮೇಲೆ ಲೆಕ್ಕಕ್ಕೆ ಬರಲ್ಲ, ಎಲ್ಲ ಇದೆ. ಹೊರಗಿನ ವಿಶ್ವವಿದ್ಯಾಲಯದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ಅಂಕ ಕೊಟ್ಟ ರೀತಿ ಸರಿ ಇದೆಯಾ ಅಂತ ನೋಡುತ್ತಾರೆ. ಅಂಕದ ವಿಷಯದಲ್ಲಿ ನಮ್ಮ ಅಣ್ಣನಿಗೆ ಸ್ವಲ್ಪ ಗಾಬರಿ ಆಯಿತು. 40 ಪಾಸು, 70 ಬಂದರೆ ಫಸ್ಟ್ ಕ್ಲಾಸು, 60ರಿಂದ ಮೇಲೆ ಅಪ್ಪರ್ ಸೆಕೆಂಡ್. ಪಿಯುನಲ್ಲಿ 95 ತಗೊಂಡವಳು ಅಲ್ಲಿ 64 ತಂದರೆ ನಾವು ಬೈತೀವಿ, ಅಲ್ಲಿ ಅದು ಒಳ್ಳೆಯ ಫಲಿತಾಂಶ. ಸಾಮಾನ್ಯವಾಗಿ ಮೊದಲ ವರ್ಷದ ಅಂಕ ಡಿಗ್ರಿಗೆ ಯಾವ ಕ್ಲಾಸು ಅನ್ನೋ ಲೆಕ್ಕಕ್ಕೆ ಸೇರಲ್ಲ, ಪಾಸಾದರೆ ಸಾಕು. ಎರಡನೇ ವರ್ಷಕ್ಕಿಂತ ಮೂರನೇ ವರ್ಷಕ್ಕೆ ತೂಕ ಜಾಸ್ತಿ. ಹೊಸ ದೇಶ, ಹೊಸ ಭಾಷೆಯಲ್ಲಿ ಬರೆಯೋದು, ಚಳಿ, ಇದಕ್ಕೆಲ್ಲ ಒಗ್ಗಿಕೊಳ್ಳೋಕೆ ಒಂದು ವರ್ಷ ಕೊಟ್ಟ ಹಾಗಾಯಿತು. ಕನ್ನಡ ಮೀಡಿಯಂನಿಂದ ಹೋಗುವ ಮಕ್ಕಳಿಗೆ ಇದು ತುಂಬಾ ದೊಡ್ಡ ವಿಷಯ.

ಆದರೆ ಈ ಕೋರ್ಸಿನಲ್ಲಿ ನಿಜವಾದ ಕಷ್ಟ ಇರೋದು ಫೀಲ್ಡ್‌ವರ್ಕ್ ನಿಯಮದಲ್ಲಿ. ಅದನ್ನು ನಿಧಾನವಾಗಿ ಓದಿ. ಕೆಲವು ಪೇಪರ್‌ಗಳಲ್ಲಿ ಸ್ವಲ್ಪ ಅಂಕ ಕಡಿಮೆ ಬಂದರೆ ಬೇರೆ ಪೇಪರ್‌ಗಳ ಒಳ್ಳೆಯ ಅಂಕದಿಂದ ಸರಿದೂಗಿಸಿ ಮುಂದೆ ಬಿಡುತ್ತಾರೆ. ಇನ್ನು ಕೆಲವು ಪೇಪರ್‌ಗಳನ್ನು ಪಾಸಾಗಲೇಬೇಕು, ಅಲ್ಲಿ ಯಾವ ಸರಿದೂಗಿಸುವಿಕೆಯೂ ಇಲ್ಲ. ಫೀಲ್ಡ್ ಕೋರ್ಸು, ಮ್ಯಾಪಿಂಗ್, ಕೊನೆಯ ವರ್ಷದ ಪ್ರಾಜೆಕ್ಟ್ ಎಷ್ಟೋ ಕಡೆ ಈ ಎರಡನೇ ಗುಂಪಿನಲ್ಲಿ ಬರುತ್ತವೆ. ಕಾರಣವೂ ಸರಿ ಇದೆ. ಜಿಯಾಲಜಿ ಪದವಿಗಳಿಗೆ ಮಾನ್ಯತೆ ಕೊಡುವುದು 1807ರಲ್ಲಿ ಶುರುವಾದ ಲಂಡನ್ನಿನ ಜಿಯಾಲಜಿಕಲ್ ಸೊಸೈಟಿ, ಅವರು ಫೀಲ್ಡ್‌ವರ್ಕ್‌ಗೆ ಬಹಳ ಬೆಲೆ ಕೊಡುತ್ತಾರೆ. ಬಂಡೆ ನೋಡದೆ, ನೀರಿನ ಸ್ಯಾಂಪಲ್ ತೆಗೆಯದೆ ಈ ವಿದ್ಯೆ ಬರಲ್ಲ. ಉದಾಹರಣೆಗೆ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇರೋದೇ ಬಂದರಿನ ಪಕ್ಕದಲ್ಲಿ, ಮಕ್ಕಳನ್ನು ಕರೆದುಕೊಂಡು ಹೋಗೋಕೆ ಕ್ಯಾಲಿಸ್ಟಾ ಅಂತ ಅವರದ್ದೇ ಸಂಶೋಧನಾ ದೋಣಿ ಇದೆ. ಕೇಳಿದರೇ ಎಷ್ಟು ಖುಷಿ. ಆದರೆ ಪರೀಕ್ಷೆಯಾದರೆ ಎರಡು ತಿಂಗಳು ಬಿಟ್ಟು ಮತ್ತೆ ಇಡಬಹುದು. ದೋಣಿ, ಹವಾಮಾನ, ಮೇಷ್ಟ್ರುಗಳು ಎಲ್ಲ ಒಟ್ಟಿಗೆ ಸಿಗೋದು ವರ್ಷಕ್ಕೊಮ್ಮೆ. ಒಬ್ಬಳಿಗೋಸ್ಕರ ಮತ್ತೆ ದೋಣಿ ಬಿಡೋಕೆ ಆಗಲ್ಲ. ಫೀಲ್ಡ್ ಕೋರ್ಸ್ ತಪ್ಪಿದರೆ ಬದಲಿ ಏನು, ಮುಂದಿನ ವರ್ಷದವರೆಗೆ ಕಾಯಬೇಕಾ, ಕಾದರೆ ವೀಸಾ ಕತೆ ಏನು, ಇದನ್ನು ಸೇರುವ ಮೊದಲೇ ಕೇಳಿಕೊಳ್ಳಿ.

ಅಣ್ಣನ ಮಗಳಿಗೆ ಸಣ್ಣಗೆ ಆಸ್ತಮಾ ಇದೆ. ಅದಕ್ಕೇ ಈ ಭಾಗ ನಮಗೆ ಬೇಕಾಗಿತ್ತು. ಬ್ರಿಟನ್ನಿನ 2010ರ ಈಕ್ವಾಲಿಟಿ ಆ್ಯಕ್ಟ್ ಪ್ರಕಾರ, ದೀರ್ಘಕಾಲದ ಕಾಯಿಲೆಯಿಂದ ದಿನನಿತ್ಯದ ಕೆಲಸಕ್ಕೆ ಗಮನಾರ್ಹ ತೊಂದರೆ ಆಗುವವರಿಗೆ ವಿಶ್ವವಿದ್ಯಾಲಯ ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು. ಆದರೆ ನಾವು ಮೊದಲೇ ಹೇಳಿರಬೇಕು, ಡಾಕ್ಟರ್ ಪತ್ರ ಇರಬೇಕು. ನಮ್ಮ ಕಡೆ ಕಾಯಿಲೆ ಹೇಳಿದರೆ ಸೀಟು ಸಿಗಲ್ಲ ಅಂತ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಿಟ್ಟರೆ ಗುಡ್ಡದ ಮೇಲೆ ಉಸಿರು ಕಟ್ಟಿದಾಗ ಮಗುವಿಗೇ ಕಷ್ಟ.

ಒಂದು ಸ್ಟಾರ್ ಯಾಕೆ ಕಳೆದೆ ಅಂದರೆ, ಎಲ್ಲ ಒಂದೇ ಕಡೆ ಸಿಗಲ್ಲ. ವಿಶ್ವವಿದ್ಯಾಲಯದ ಸಾಮಾನ್ಯ ನಿಯಮ ಒಂದು ಕಡೆ, ವಿಭಾಗದ ವಿಶೇಷ ನಿಯಮ ಇನ್ನೊಂದು ಕಡೆ, ಕೋರ್ಸಿನ ವಿವರ ಮತ್ತೊಂದು ಪಿಡಿಎಫ್‌ನಲ್ಲಿ. ವಾಕ್ಯಗಳು ಕೋರ್ಟ್ ಕಾಗದದ ತರಹ. ಆಲ್ದೂರಿನ ನೆಟ್‌ವರ್ಕ್‌ನಲ್ಲಿ ಒಂದೊಂದೇ ಫೈಲ್ ಇಳಿಸಿಕೊಂಡು ಓದೋದು ಅಂದರೆ ಹೇಳೋದೇ ಬೇಡ. ಫೀಲ್ಡ್ ಟ್ರಿಪ್ಪಿನಲ್ಲಿ ಯಾವುದು ಫೀಸಿನಲ್ಲೇ ಸೇರಿದೆ, ಬೂಟು, ಮಳೆ ಜಾಕೆಟ್, ಊಟ ಯಾರ ಖರ್ಚು ಅನ್ನೋದು ನಿಯಮದಲ್ಲಿ ಇರಲಿಲ್ಲ, ಹುಡುಕಿ ಹುಡುಕಿ ಬೇರೆ ಪುಟದಲ್ಲಿ ಸಿಕ್ಕಿತು. ಇನ್ನೊಂದು, ನಿಯಮ ವರ್ಷ ವರ್ಷ ಪರಿಷ್ಕರಣೆ ಆಗುತ್ತದೆ. ಯಾವ ವರ್ಷದ್ದು ಅಂತ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ.

ಈ ಗೊಂದಲ ಅಲ್ಲಿ ಮಾತ್ರ ಅಲ್ಲ. ನಮ್ಮ ರಾಜ್ಯದಲ್ಲೇ ನೋಡಿ. 2021-22ರಲ್ಲಿ ಎನ್‌ಇಪಿ ಪ್ರಕಾರ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಹಾಸನದಲ್ಲಿ ಡಿಗ್ರಿ ಓದುವ ನಮ್ಮ ಪರಿಚಯದ ಹುಡುಗರಿಗೆ ಸೀನಿಯರ್‌ಗಳ ಸಿಲಬಸ್ಸೂ ಬೇರೆ, ನಿಯಮವೂ ಬೇರೆ. ಅಲ್ಲೂ ಸೇರಿದ ವರ್ಷದ ನಿಯಮ ಇಟ್ಟುಕೊಂಡೇ ಮಾತಾಡಬೇಕು. ಅಂದಹಾಗೆ ಹಾಸನದವರು ಈ ವಿಷಯ ಓದಬೇಕು ಅಂದರೆ ಮನೆ ಹತ್ತಿರವೇ ಪಾಠ ಇದೆ. ಗೊರೂರಿನ ಕಲ್ಲು 300 ಕೋಟಿ ವರ್ಷಕ್ಕಿಂತ ಹಳೆಯದು, ನುಗ್ಗೇಹಳ್ಳಿ ಕಡೆ ಕ್ರೋಮೈಟ್ ಅದಿರು ಇದೆ, ಹಳೇಬೀಡಿನ ಶಿಲ್ಪಗಳು ಬಳಪದ ಕಲ್ಲಿನವು.

ಹೊರದೇಶದ ಖರ್ಚು ಎಲ್ಲರಿಗೂ ಆಗಲ್ಲ. ಆಗದವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ನಾಲ್ಕು ವರ್ಷದ ಬಿಎಫ್‌ಎಸ್‌ಸಿ ನೋಡಬಹುದು, ಮೈಸೂರಿನ ಯುವರಾಜ ಕಾಲೇಜಿನಲ್ಲಿ ಜಿಯಾಲಜಿ ಮಾಡಿ ಮಂಗಳೂರು ವಿವಿಯಲ್ಲಿ ಮರೈನ್ ಜಿಯಾಲಜಿ ಎಂಎಸ್ಸಿಗೆ ಹೋಗಬಹುದು. ಮುಂದೆ ಸಂಶೋಧನೆಗೆ ಗೋವಾದಲ್ಲಿ ಎನ್‌ಐಒ ಇದೆ, 1966ರಲ್ಲಿ ಶುರುವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ. ಕೇಂದ್ರ ಸರ್ಕಾರದ ಜಿಯಾಲಜಿಕಲ್ ಸರ್ವೆಯಲ್ಲಿ ಜಿಯಾಲಜಿಸ್ಟ್ ಆಗೋಕೆ ಯುಪಿಎಸ್‌ಸಿ ಪರೀಕ್ಷೆ ಬರೆಯಬೇಕು, ಅದಕ್ಕೆ ಮಾಸ್ಟರ್ಸ್ ಬೇಕು, ಬರೀ ಬಿಎಸ್ಸಿ ಸಾಲದು. ಇದನ್ನೂ ಆ ಕನ್ಸಲ್ಟೆನ್ಸಿಯವರು ಹೇಳಲಿಲ್ಲ.

ನಾವು ಅಡ್ವಾನ್ಸ್ ಕೊಡಲಿಲ್ಲ. ಹುಡುಗಿಯೇ ಅಡ್ಮಿಷನ್ ಆಫೀಸಿಗೆ ಮೇಲ್ ಬರೆದು ಮೂರು ವಿಷಯ ಕೇಳಿದ್ದಾಳೆ: ಯಾವ ಪೇಪರ್‌ಗಳು ಪಾಸಾಗಲೇಬೇಕಾದವು, ಆಸ್ತಮಾದಿಂದ ಫೀಲ್ಡ್ ಕೋರ್ಸ್ ತಪ್ಪಿದರೆ ಬದಲಿ ಏನು, ಅದರ ಖರ್ಚಿನಲ್ಲಿ ಫೀಸಿನ ಹೊರಗೆ ಎಷ್ಟು. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಈ ಸಲ ಪಿಯು ಮುಗಿಸಿದ ಮಕ್ಕಳು ನಿಮ್ಮ ಮನೆಯಲ್ಲೂ ಇದ್ದರೆ, ನಿಯಮದ ಯಾವ ಭಾಗ ಅರ್ಥ ಆಗಲಿಲ್ಲ ಅಂತ ಕೆಳಗೆ ಬರೆಯಿರಿ, ಕೂತು ಓದಿ ಹೇಳುತ್ತೇನೆ.