ಆರು ವರ್ಷ ಸಿವಿಸಿಆರ್‌ಎಂ ಬಳಸಿದ ಮೇಲೆ: ಪುಕ್ಕಟೆಗೆ ಬಿದ್ದ ಖರ್ಚು

ನಮ್ಮದು ಸಂಬಳದವರು ಮೂರೇ ಜನ ಇರುವ ಎನ್‌ಜಿಒ. ದಾನಿಗಳ ಲೆಕ್ಕ ನನ್ನ ಪಾಲಿಗೆ. ಮೊದಲು ಎಲ್ಲ ಎಕ್ಸೆಲ್‌ನಲ್ಲಿತ್ತು. ಒಬ್ಬರೇ ದಾನಿಯ ಹೆಸರು ಮೂರು ಸ್ಪೆಲಿಂಗ್‌ನಲ್ಲಿ ಇರುತ್ತಿತ್ತು, ಅವರಿಗೆ ಮೂರು ಧನ್ಯವಾದ ಪತ್ರ ಹೋಗುತ್ತಿತ್ತು.

ಸಿವಿಸಿಆರ್‌ಎಂ ಅಂದರೆ ಎನ್‌ಜಿಒಗಳು ದಾನಿಗಳ ಲೆಕ್ಕ ಇಟ್ಟುಕೊಳ್ಳುವ, 2005ರಿಂದ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಡ್ರೂಪಲ್‌ನಂಥ ಸಾಫ್ಟ್‌ವೇರ್‌ಗಳ ಸೈಟಿನೊಳಗೇ ಕೂರುತ್ತದೆ. ಲೈಸೆನ್ಸಿಗೆ ದುಡ್ಡಿಲ್ಲ ಅಂದಿದ್ದೇ ತಡ, ಕಮಿಟಿಯವರು ಒಪ್ಪಿಬಿಟ್ಟರು.

ಕೆಲಸದಲ್ಲಿ ನನಗೆ ತಕರಾರಿಲ್ಲ. ಒಬ್ಬರೇ ಎರಡು ಸಲ ಸೇರಿದ್ದರೆ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ, ಒಂದು ಮಾಡಬಹುದು. ‘ಲೈಬಂಟ್’ ಅಂತ ವಿಚಿತ್ರ ಹೆಸರಿನ ಒಂದು ರಿಪೋರ್ಟ್ ಇದೆ. ಹೋದ ವರ್ಷ ಕೊಟ್ಟು ಈ ವರ್ಷ ಇನ್ನೂ ಕೊಡದವರ ಪಟ್ಟಿ ಅದು. ನಾನು ಜಾಸ್ತಿ ತೆರೆಯುವುದು ಅದನ್ನೇ.

ಖರ್ಚು ಬೇರೆ ಬಾಗಿಲಿನಿಂದ ಬಂತು. ಹೋಸ್ಟಿಂಗ್, ಬ್ಯಾಕಪ್, ತಿಂಗಳು ತಿಂಗಳೂ ಬರುವ ಹೊಸ ಆವೃತ್ತಿ, ಎಲ್ಲವನ್ನೂ ಒಬ್ಬ ಸ್ವಯಂಸೇವಕ ಹುಡುಗ ಸುಮ್ನೆ ಮಾಡಿಕೊಡುತ್ತಿದ್ದ. ಅವನಿಗೆ ಬೇರೆ ಕೆಲಸ ಸಿಕ್ಕಿತು, ಹೋದ. ಆಮೇಲೆ ನಾವೇ ಸರ್ವರ್ ಬದಲಾಯಿಸಿದೆವು, ಕ್ರಾನ್ (ಹೊತ್ತು ಹೊತ್ತಿಗೆ ಕೆಲಸ ತಾನಾಗಿ ಶುರು ಮಾಡುವ ಸರ್ವರಿನ ವ್ಯವಸ್ಥೆ) ಹಾಕುವುದನ್ನು ಮರೆತೆವು. ಇದರಲ್ಲಿ ಗುಂಪು ಮೇಲ್ ತಾನಾಗಿ ಹೊರಡುವುದಿಲ್ಲ, ಕ್ರಾನ್ ಬಂದು ಎಬ್ಬಿಸಬೇಕು. ವರ್ಷದ ದೊಡ್ಡ ಮನವಿ ಪತ್ರ ಹನ್ನೊಂದು ದಿನ ‘ಸ್ಕೆಡ್ಯೂಲ್ಡ್’ ಅಂತ ತೋರಿಸುತ್ತಾ ಅಲ್ಲೇ ಕೂತಿತ್ತು. ನಾವೋ, ಈ ಸಲ ದಾನಿಗಳ ಕೈ ಬಿಗಿಯಾಗಿದೆ ಅಂದುಕೊಂಡು ಸಪ್ಪೆ ಮುಖ ಹಾಕಿಕೊಂಡಿದ್ದೆವು!

ಅಷ್ಟರಲ್ಲಿ ಡ್ರೂಪಲ್ 7ರ ಬೆಂಬಲ 2025ರ ಜನವರಿ 5ಕ್ಕೆ ಮುಗಿಯುತ್ತದೆ ಅಂತ ಗೊತ್ತಾಯಿತು. ನಮ್ಮ ಸೈಟು ಇದ್ದದ್ದೇ ಅದರ ಮೇಲೆ. ವರ್ಡ್‌ಪ್ರೆಸ್‌ಗೆ ಸಾಗಿಸಲು ಅನುದಾನ ಕೇಳಿದರೆ, ಕೊಡುವವರು ‘ಇದು ಆಡಳಿತ ವೆಚ್ಚ, ಬರಲ್ಲ’ ಅಂದರು. ಬಂಡಿಗೆ ದುಡ್ಡು ಕೊಡುತ್ತಾರೆ, ಕೀಲೆಣ್ಣೆಗೆ ಕೊಡಲ್ಲ. ಅಮೆರಿಕದಲ್ಲಿ ಸಂಸ್ಥೆಗಳನ್ನು ಅಳೆಯುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್, ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಮೂರೂ ಸೇರಿ 2013ರಲ್ಲೇ ದಾನಿಗಳಿಗೆ ಬಹಿರಂಗ ಪತ್ರ ಬರೆದಿದ್ದವು. ಆಡಳಿತ ವೆಚ್ಚದ ಶೇಕಡಾವಾರು ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಅಂತ. ಎರಡನೇ ಅರ್ಜಿಗೆ ಅದನ್ನು ಲಗತ್ತಿಸಿದೆ. ಅದನ್ನು ಓದಿದರೋ ಇಲ್ಲವೋ, ಅರ್ಧ ಕೊಟ್ಟರು.

ಈಗ ತಿಂಗಳಿಗೆ ನಾಲ್ಕು ಗಂಟೆಗೆ ಒಬ್ಬರು ತಂತ್ರಜ್ಞರಿಗೆ ದುಡ್ಡು ಕೊಡುತ್ತೇವೆ. ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇದೆ. ಆ ಸಾಲು ಬರೆಯಲು ಆಗದವರು ಇದನ್ನು ಮುಟ್ಟಬೇಡಿ, ತಿಂಗಳ ಬಾಡಿಗೆಯ ಸಾಫ್ಟ್‌ವೇರೇ ವಾಸಿ. ಐದಕ್ಕೆ ನಾಲ್ಕು ಅಂಕ.

ಮೊನ್ನೆ ಲೈಬಂಟ್ ಪಟ್ಟಿ ತೆರೆದರೆ ಆ ಹುಡುಗನ ಹೆಸರೂ ಇತ್ತು. ಫೋನ್ ಮಾಡಬೇಕು.