ಕನ್ವೆಕ್ಷನ್ ತೋರಿಸಿ ಗ್ರಿಲ್ ಓವನ್ ಕಳಿಸಿದರು: ಹುಬ್ಬಳ್ಳಿ-ಧಾರವಾಡದವರು ಎಚ್ಚರ

ಹುಬ್ಬಳ್ಳಿ ಪೇಟೆಯಲ್ಲಿ ಮೈಕ್ರೋವೇವ್ ಓವನ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ದಸರಾ ರಿಯಾಯಿತಿಯ ಹೆಸರಿನಲ್ಲಿ ಒಂದು ದೊಡ್ಡ ಅಂಗಡಿಯವರು ನನಗೆ ಬಿಸಿಗಾಳಿ ತಿರುಗಿಸಿ ಕೇಕ್ ಬೇಯಿಸುವ ಕನ್ವೆಕ್ಷನ್ ಓವನ್ ತೋರಿಸಿ, ಅದರದೇ ದರ ಎಣಿಸಿಕೊಂಡು, ಧಾರವಾಡದ ನಮ್ಮ ಮನೆಗೆ ಬಿಸಿ ಮಾಡುವುದರ ಜೊತೆಗೆ ಮೇಲ್ಮೈಯನ್ನಷ್ಟೇ ಕೆಂಪಾಗಿಸುವ ಗ್ರಿಲ್ ಓವನ್ ಕಳಿಸಿದ್ದಾರೆ. ಕೇಳಿದರೆ ನನಗೇ ಬಳಸಲು ಬರುವುದಿಲ್ಲವಂತೆ!

ಅಂಗಡಿಯಲ್ಲಿ ನಾನು ಸ್ಪಷ್ಟವಾಗಿ ಕೇಳಿದ್ದೆ: ಇದರಲ್ಲಿ ಕೇಕ್, ನಾನ್‌ಖಟಾಯಿ ಬೇಯುತ್ತವೆಯೇ? ಅನ್ನ, ಸಾರು ಬಿಸಿ ಮಾಡುವುದಷ್ಟೇ ಆಗಿದ್ದರೆ ಸೋಲೋ ಓವನ್ ಸಾಕಿತ್ತು, ಅದು ಅಗ್ಗವೂ ಹೌದು. ಮಾರಾಟದ ಹುಡುಗ ಪ್ರದರ್ಶನಕ್ಕಿಟ್ಟಿದ್ದ ಓವನ್ನಿನ ಬಾಗಿಲು ತೆರೆದು, ಒಳಗಿನ ಹಿಂಬದಿಯಲ್ಲಿದ್ದ ಫ್ಯಾನಿನ ಜಾಗವನ್ನು ಬೆರಳಿಟ್ಟು ತೋರಿಸಿದ. ‘ಇದೇ ಮಾದರಿ, ಗೋದಾಮಿನಿಂದ ಸೀಲ್ ಒಡೆಯದ ಪೆಟ್ಟಿಗೆ ಬರುತ್ತದೆ’ ಎಂದ. ಬಿಲ್ಲಿನಲ್ಲಿ ಬರೆದದ್ದು ಬರೀ ‘ಮೈಕ್ರೋವೇವ್ ಓವನ್ - 1’. ಮಾದರಿ ಸಂಖ್ಯೆಯ ಜಾಗ ಖಾಲಿ. ಅದು ಮರೆವಲ್ಲ ಎಂದು ಈಗ ಖಾತ್ರಿಯಾಗಿದೆ.

ಮೊದಮೊದಲು ಹಾಲು ಕಾಯಿಸಿದೆ, ನಡುನಡುವೆ ಕೈಯಾಡಿಸುತ್ತ ಶೇಂಗಾ ಹುರಿದೆ, ಎಲ್ಲವೂ ಚೆನ್ನಾಗಿಯೇ ಆಯಿತು. ಮೋಸ ಗೊತ್ತಾದದ್ದು ಮಗಳ ಹುಟ್ಟುಹಬ್ಬದ ದಿನ. ಕೇಕಿಗೆ ಓವನ್ ಅನ್ನು 180 ಡಿಗ್ರಿಗೆ ಮೊದಲೇ ಕಾಯಿಸಿಡಬೇಕು. ಎಷ್ಟು ಹುಡುಕಿದರೂ ಡಿಗ್ರಿ ಒತ್ತುವ ಗುಂಡಿಯೇ ಇಲ್ಲ. ಇದ್ದದ್ದು ಮೈಕ್ರೋ, ಗ್ರಿಲ್, ಕಾಂಬಿ. ಹಿಟ್ಟು ಕಲಸಿಟ್ಟಾಗಿತ್ತು. ಅಂಗಡಿಗೆ ಫೋನ್ ಮಾಡಿದೆ.

‘ಕಾಂಬಿ ಎಂದರೆ ಕನ್ವೆಕ್ಷನ್ನೇ ಮೇಡಂ, ಅದರಲ್ಲೇ ಇಡಿ.’

ಅಲ್ಯುಮಿನಿಯಂ ಅಚ್ಚು ಇಡಬಹುದೇ ಎಂದೂ ಕೇಳಿದೆ. ‘ಇಡಿ, ಏನೂ ಆಗುವುದಿಲ್ಲ.’

ಇಟ್ಟೆ. ಚಟಪಟ ಎಂದು ಕಿಡಿ ಹಾರಿತು! ಪಕ್ಕದಲ್ಲಿ ಮಕ್ಕಳು ನಿಂತಿದ್ದರು. ಓಡಿಹೋಗಿ ಸ್ವಿಚ್ ಆರಿಸಿದೆ. ಆ ಓವನ್ನಿನಲ್ಲಿ ಕಾಂಬಿ ಎಂದರೆ ಮೈಕ್ರೋವೇವ್ ಮತ್ತು ಗ್ರಿಲ್ ಎರಡೂ ಸೇರಿದ್ದು, ಕನ್ವೆಕ್ಷನ್ ಅಲ್ಲವೇ ಅಲ್ಲ. ಲೋಹದ ಅಚ್ಚನ್ನು ಬರೀ ಕನ್ವೆಕ್ಷನ್‌ನಲ್ಲಿ ಇಡಬಹುದು. ಮೈಕ್ರೋವೇವ್ ಅಲೆ ಇರುವ ಕಡೆ ಇಟ್ಟರೆ ಹೀಗೆಯೇ ಕಿಡಿ ಹಾರುತ್ತದೆ. ಗ್ರಿಲ್ಲಿನ ಕಾಯುವ ಸುರುಳಿ ಮೇಲ್ಮೈಯನ್ನಷ್ಟೇ ಕೆಂಪಾಗಿಸುತ್ತದೆ. ಕೇಕಿಗೆ ಸುತ್ತಲೂ ಬಿಸಿಗಾಳಿ ತಿರುಗಬೇಕು, ಅದಕ್ಕೇ ಆ ಹಿಂದಿನ ಫ್ಯಾನು. ನಮ್ಮ ಓವನ್ನಿನ ಒಳಗೆ ಅದು ಇಲ್ಲ. ಸಂಜೆ ನೆಂಟರೆಲ್ಲ ಬಂದು ಕುಳಿತಿದ್ದಾಗ ಯಜಮಾನರು ಬೇಕರಿಗೆ ಓಡಿದರು. ‘ಹೊಸ ಓವನ್ ಎಲ್ಲಿ, ತೋರಿಸಿ’ ಎಂದು ನಾದಿನಿ ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಮರುದಿನ ಅಂಗಡಿಗೆ ಹೋದರೆ ಅದೇ ಹುಡುಗ ‘ಈಗ ಎಲ್ಲ ಓವನ್ನೂ ಒಂದೇ’ ಎಂದ. ಮಾಲೀಕರು ‘ಪೆಟ್ಟಿಗೆ ತೆರೆದ ಮೇಲೆ ವಾಪಸ್ ಇಲ್ಲ, ಕಂಪನಿಗೆ ಫೋನ್ ಮಾಡಿ’ ಎಂದರು. ತೆರೆಯದೆ ಒಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಕೊನೆಗೆ ಎಲ್ಲರೆದುರು, ‘ಮೇಡಂ, ಮೊದಲು ಅಡುಗೆ ಕಲಿಯಿರಿ, ಡೆಮೊ ಕೊಡುವವರನ್ನು ಕಳಿಸುತ್ತೇವೆ.’ ಮದುವೆಯಾದಂದಿನಿಂದ ತುಂಬಿದ ಮನೆಗೆ ಅಡುಗೆ ಮಾಡಿ ಬಡಿಸುತ್ತಿರುವ ನನಗೆ ಈ ಮಾತು! ಕಳಿಸಿದ್ದು ಬೇರೆ ಓವನ್, ಕಲಿಯಬೇಕಾದವಳು ನಾನಂತೆ.

ಬಿಲ್ಲಿನಲ್ಲಿ ‘ಕನ್ವೆಕ್ಷನ್’ ಎಂಬ ಪದ ಮತ್ತು ಪೂರ್ತಿ ಮಾದರಿ ಸಂಖ್ಯೆ ಬರೆಸದೆ ಹಣ ಕೊಡಬೇಡಿ. ಪೆಟ್ಟಿಗೆ ತಂದವನ ಎದುರಿಗೇ ತೆರೆದು ಫ್ಯಾನಿದೆಯೇ, ಡಿಗ್ರಿ ಗುಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಸಹಿ ಹಾಕದೆ ಹಿಂದಕ್ಕೆ ಕಳಿಸಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಅಂಗಡಿಯಿಂದ ತಾವಾಗಿಯೇ ಫೋನ್ ಮಾಡಿ, ‘ಸ್ವಲ್ಪ ಹಣ ಸೇರಿಸಿ ಕೊಡಿ, ಕನ್ವೆಕ್ಷನ್ ಕೊಡುತ್ತೇವೆ’ ಎಂದರು. ಕನ್ವೆಕ್ಷನ್ನಿನ ಪೂರ್ತಿ ಹಣ ನಿಮ್ಮ ಗಲ್ಲೆಯಲ್ಲೇ ಇದೆ, ಇನ್ನೊಂದು ರೂಪಾಯಿಯನ್ನೂ ಕೊಡುವುದಿಲ್ಲ, ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಹೇಳಿ ಫೋನ್ ಇಟ್ಟಿದ್ದೇನೆ.