ಉತ್ತರದ ಕಿಟಕಿ, ಬೆಳಕಿಂಡಿ, ಎಲ್‌ಇಡಿ: ಬಳ್ಳಾರಿಯಲ್ಲಿ ಹೂವಿನ ಚಿತ್ರಕ್ಕೆ ಯಾವ ಬೆಳಕು?

ಮೇಜಿನ ಮೇಲೆ ಹೂವಿಟ್ಟು ಚಿತ್ರ ತೆಗೆಯುವವರಿಗೆ ಕೈಪಿಡಿಗಳು ಸಾಮಾನ್ಯವಾಗಿ ನೇರ ಬಿಸಿಲು ಬೀಳದೆಂದು ಉತ್ತರದ ಕಿಟಕಿಯನ್ನೇ ಸೂಚಿಸುತ್ತವೆ. ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿರುವ ಯುರೋಪಿಗೆ ಈ ಸಲಹೆ ಸರಿಯಾದರೂ, ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಬಳ್ಳಾರಿಯಲ್ಲಿ ಮೇ ಆರಂಭದಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ನಡುಹಗಲ ಬಿಸಿಲನ್ನು ಸಜ್ಜಾ ತಡೆಯಬಹುದು, ಆದರೆ ಬೆಳಗ್ಗೆ ಮತ್ತು ಸಂಜೆ ಓರೆ ಬಿಸಿಲು ನೇರವಾಗಿ ಒಳಗೆ ಬೀಳುತ್ತದೆ. ಹೀಗಾಗಿ ಕೆಂಪು ದಾಸವಾಳ, ಬಿಳಿ ಸೇವಂತಿಗೆ ಮತ್ತು ಚೆಂಡು ಹೂವುಗಳನ್ನು ಉತ್ತರದ ಕಿಟಕಿ, ಹಳೆಯ ಮಾಳಿಗೆ ಮನೆಯ ಬೆಳಕಿಂಡಿ ಮತ್ತು ಎಲ್‌ಇಡಿ ದೀಪ, ಈ ಮೂರರಲ್ಲೂ ಇಟ್ಟು ಹೋಲಿಸಿದೆ.

ಬೆಳಕಿಂಡಿ ನೋಟಕ್ಕೆ ಚೆಂದ, ಚಿತ್ರಕ್ಕೆ ಅಷ್ಟಕ್ಕಷ್ಟೆ. ಬೆಳಕು ಮೇಲಿನಿಂದಷ್ಟೇ ಬೀಳುವುದರಿಂದ ಮೇಲ್ಮುಖವಾಗಿ ಅರಳಿದ ಸೇವಂತಿಗೆ ಚಪ್ಪಟೆಯಾಗಿ ಕಾಣುತ್ತದೆ, ತೊಟ್ಟಿನ ಭಾಗ ಕತ್ತಲಲ್ಲಿ ಮುಳುಗುತ್ತದೆ.

ಕಿಟಕಿಯ ಪಕ್ಕದ ಬೆಳಕು ಎಸಳಿನ ಗೆರೆ, ಮಡಿಕೆಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಓರೆ ಬಿಸಿಲು ಬೀಳುವ ತಿಂಗಳುಗಳಲ್ಲಿ ಕಿಟಕಿಗೆ ತೆಳುವಾದ ಬಿಳಿ ಧೋತರ ಕಟ್ಟಿದರೆ ಸಾಕು. ಎದುರು ಬದಿಗೆ ಥರ್ಮಾಕೋಲ್ ಹಾಳೆ ಇಟ್ಟರೆ ನೆರಳು ತಿಳಿಯಾಗುತ್ತದೆ. ಅದನ್ನು ತೆಗೆದು ಕಪ್ಪು ಬಟ್ಟೆ ಇಟ್ಟರೆ ಬಿಳಿ ಸೇವಂತಿಗೆಯ ಅಂಚು ಸ್ಪಷ್ಟವಾಗುತ್ತದೆ, ಮತ್ತು ಬಿಳಿ ಹೂವಿಗೆ ನನಗೆ ಹಿಡಿಸಿದ್ದು ಈ ಎರಡನೆಯದೇ. ಜೀನ್ಸ್ ಹೊಲಿಯುವ ಊರಾದ್ದರಿಂದ ಕಪ್ಪು ಡೆನಿಮ್ ತುಂಡುಗಳಿಗೆ ಇಲ್ಲಿ ಕೊರತೆಯಿಲ್ಲ, ಆದರೆ ಅದನ್ನೇ ಹಿನ್ನೆಲೆಯಾಗಿಸುವಾಗ ನೇಯ್ಗೆ ಕಾಣದಂತೆ ಹೂವಿನಿಂದ ಒಂದು ತೋಳಿನಷ್ಟು ದೂರ ಕಟ್ಟಬೇಕು.

ಎಲ್‌ಇಡಿಯ ದೊಡ್ಡ ಗುಣವೆಂದರೆ ಬೆಳಕು ಬದಲಾಗದಿರುವುದು. ಅದರ ದೌರ್ಬಲ್ಯ ಕಾಣುವುದು ದಾಸವಾಳದಲ್ಲಿ. ದೀಪದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ, ನೂರರವರೆಗಿನ ಅಳತೆ) ಅಂಕಿ ಎಂಟು ಮೆಲು ಬಣ್ಣಗಳ ಸರಾಸರಿ ಮಾತ್ರ, ಗಾಢ ಕೆಂಪು ಅದರ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ 80 ಎಂದು ಬರೆದಿರುವ ಅಗ್ಗದ ದೀಪದ ಕೆಳಗೆ ದಾಸವಾಳ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಇಂಥ ದೀಪಗಳಲ್ಲಿ ಕೆಲವು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ವೇಗದ ಶಟರ್‌ನಲ್ಲಿ ಪಟ್ಟೆಗಳೂ ಮೂಡುತ್ತವೆ; ಟ್ರೈಪಾಡ್ ಹೂಡಿ 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನದ ಶಟರ್ ಇಟ್ಟರೆ ಆ ತೊಂದರೆ ಇರುವುದಿಲ್ಲ. ಕಿಟಕಿಯ ಬೆಳಕಿನಲ್ಲಿಯೂ ಕೆಂಪು ಬೇಗ ಉಕ್ಕಿ ಎಸಳಿನ ವಿವರ ಅಳಿಸುತ್ತದೆ, ಹಾಗಾಗಿ ಕ್ಯಾಮೆರಾದಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮಿನ ಕೆಂಪು ಪಟ್ಟಿಯನ್ನು ಪ್ರತ್ಯೇಕವಾಗಿ ನೋಡಿ ಬೆಳಕನ್ನು ತುಸು ತಗ್ಗಿಸುವುದು ಒಳ್ಳೆಯದು.

ಬೆಳಕಿನ ಆಯ್ಕೆ ಫೋಕಸ್ಸಿನ ಆಯ್ಕೆಯಿಂದ ಬೇರೆಯಲ್ಲ ಎಂಬುದು ಈ ಹೋಲಿಕೆಯಲ್ಲಿ ನನಗೆ ಮುಖ್ಯವೆನಿಸಿದ ಸಂಗತಿ. ಹೂವು ಸೆನ್ಸರಿನ ಮೇಲೆ ಅರ್ಧ ಗಾತ್ರದಲ್ಲಿ ಮೂಡುವಷ್ಟು ಹತ್ತಿರ ಹೋದರೆ, ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್ 8 (ಲೆನ್ಸಿನ ಕಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಂಡಿ ಕಿರಿದು) ಇಟ್ಟರೂ ಸ್ಪಷ್ಟವಾಗುವ ಆಳ ಸುಮಾರು 2 ಮಿಲಿಮೀಟರ್ ಮಾತ್ರ, ಎಫ್ 2.8 ಆದರೆ ಒಂದು ಮಿಲಿಮೀಟರೂ ಇಲ್ಲ. ಎಫ್ 22ಕ್ಕೆ ಹೋದರೆ ಕಿರಿದಾದ ಕಂಡಿಯಲ್ಲಿ ಬೆಳಕು ಹರಡುವ ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಇನ್ನುಳಿಯುವುದು ಫೋಕಸ್ಸನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್. ಅದಕ್ಕೆ ಬೆಳಕೂ ಹೂವೂ ಎರಡೂ ಕದಲಬಾರದು: ಮೋಡವೊಂದು ಹಾದರೆ ಕಿಟಕಿಯ ಬೆಳಕು ಕೆಡುತ್ತದೆ, ಫ್ಯಾನ್ ತಿರುಗಿದರೆ ಎಸಳು ಅಲುಗುತ್ತದೆ. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ನಿಲ್ಲಿಸಿ ಕೂರುವ ಕಷ್ಟವನ್ನು ಬಳ್ಳಾರಿಯವರಿಗೆ ವಿವರಿಸಬೇಕಾಗಿಲ್ಲ.

ಹೀಗಾಗಿ ಹಲವು ದಿನ ಬಾಡದೆ ನಿಲ್ಲುವ ಸೇವಂತಿಗೆಗೆ ಎಲ್‌ಇಡಿ ಮತ್ತು ಸ್ಟ್ಯಾಕಿಂಗ್ ಜೋಡಿಯನ್ನು ಆರಿಸುತ್ತೇನೆ. ಒಂದೇ ದಿನಕ್ಕೆ ಮುದುಡುವ ದಾಸವಾಳಕ್ಕಾದರೆ ಬೆಳಗಿನ ಕಿಟಕಿ ಮತ್ತು ಎಫ್ 8. ಹೂವಿನ ನಡುವಿನಿಂದ ಚಾಚಿದ ದಂಡದ ತುದಿಯಲ್ಲಿರುವ ಐದು ಕೆಂಪು ಗುಂಡುಗಳ ಮೇಲೆ ಫೋಕಸ್ ಇಟ್ಟರೆ ಹಿಂದಿನ ಎಸಳು ಮಸುಕಾದರೂ ಚಿತ್ರ ನಿಲ್ಲುತ್ತದೆ. ಎಫ್ 2.8 ನನಗೆ ಒಪ್ಪಿಗೆಯಾದದ್ದು ಚೆಂಡು ಹೂವಿನ ರಾಶಿಯಲ್ಲಿ ಮಾತ್ರ, ಅದೂ ಒಂದು ಹೂವನ್ನಷ್ಟೇ ಸ್ಪಷ್ಟವಾಗಿಸಿ ಉಳಿದುದನ್ನು ಬಣ್ಣವಾಗಿ ಬಿಡುವಾಗ.